ಒಂದು ಪುಕ್ಕವೂ ಉದುರುವುದಿಲ್ಲ!

ಶಿಸ್ತಿಗೆ ಬಗ್ಗದ ಜೀವಿ ಈ ಭೂಮಿಯ ಮೇಲೆ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ನಾನು ಪಿ.ಟಿ. ಮೇಷ್ಟ್ರಾಗಿದ್ದವನು. ಒಂದು ಸೀಟಿ ಊದಿದರೆ ಇಡೀ ಹೈಸ್ಕೂಲು ಎತ್ತರದ ಪ್ರಕಾರ ಸಾಲಾಗಿ ನಿಲ್ಲುತ್ತಿತ್ತು. ಒಮ್ಮೆ ಹೆಡ್ಮಾಸ್ಟರೂ ಗೊತ್ತಾಗದೆ ಸಾಲಿಗೆ ಸೇರಿಕೊಂಡಿದ್ದರು. ಹೀಗಿರುವಾಗ ಎಂಟು ಕೋಳಿಗಳು ಯಾವ ಲೆಕ್ಕ!

ಕೋಳಿಗಳು ನನ್ನವಲ್ಲ, ಪಕ್ಕದ ಮನೆಯ ಶಮೀಮಳವು. ಮತ್ತಿಕೆರೆಯಾಚೆಯ ಸಿಂಗಾಪುರ ಬಡಾವಣೆಯ ನಮ್ಮ ರಸ್ತೆಯಲ್ಲಿ ಅವಳ ಮನೆಗೂ ನಮ್ಮ ಮನೆಗೂ ನಡುವೆ ಅವಳದೇ ಒಂದು ಖಾಲಿ ಸೈಟಿದೆ. ಸುತ್ತ ಬೇಲಿ, ನಡುವೆ ಹೊಂಗೆ ಮರ, ಮೂಲೆಯಲ್ಲಿ ಗೂಡು. ಕೋಳಿಗಳು ಹಗಲೆಲ್ಲ ಅಲ್ಲಿ ಬಿಡುಬೀಸಾಗಿ ಓಡಾಡಿಕೊಂಡು ಮೊಟ್ಟೆ ಇಡುತ್ತವೆ. ಅವುಗಳಲ್ಲಿ ಬಿಳಿ ಬಾಲದ ಚಾಂದನಿ ಎಂದರೆ ಶಮೀಮಳಿಗೆ ಪ್ರಾಣ. ತಾಯಿಕೋಳಿಯನ್ನು ಬೆಕ್ಕು ಹಿಡಿದ ಮೇಲೆ ಆ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಸಾಕಿದವಳು ಅವಳು.

ತಂಗಿಯ ಹೆರಿಗೆಗೆಂದು ಚಿಂತಾಮಣಿಗೆ ಹೊರಟಾಗ ಶಮೀಮ್ ನಮ್ಮ ಮನೆಗೆ ಬಂದಳು.

"ಸಾರ್, ನೀವೇನೂ ಮಾಡೋದು ಬ್ಯಾಡ. ಬೆಳಿಗ್ಗೆ ಬಿಡೋದು, ಸಂಜೆ ಮುಚ್ಚೋದು, ಅಷ್ಟೇ. ಚಾಂದನೀನ ಮಾತ್ರ ಒಂಚೂರು ನೋಡ್ಕೊಳ್ಳಿ."

ಏನೂ ಮಾಡಬೇಡಿ! ನನಗೆ! ನಾನು ಎದೆಯುಬ್ಬಿಸಿ ಹೇಳಿದೆ: "ನಿಶ್ಚಿಂತೆಯಿಂದ ಹೋಗಿಬಾಮ್ಮ. ಒಂದು ಪುಕ್ಕವೂ ಉದುರದ ಹಾಗೆ ವಾಪಸ್ ಒಪ್ಪಿಸ್ತೀನಿ."

ನನ್ನ ಹೆಂಡತಿ ಸರೋಜ ಒಳಗಿನಿಂದಲೇ ಕೆಮ್ಮಿದಳು. ಅದು ನೆಗಡಿಯ ಕೆಮ್ಮಾಗಿರಲಿಲ್ಲ.

ಆಟೋ ತಿರುವು ದಾಟಿದ ಕೂಡಲೇ ನಾನು ಸೈಟಿನ ತಪಾಸಣೆಗೆ ಇಳಿದೆ. ಅಬ್ಬಾ, ಅದೇನು ಅವ್ಯವಸ್ಥೆ! ಮರದಡಿ ಮೊಣಕಾಲುದ್ದ ತರಗೆಲೆ. ಮೂಲೆಯಲ್ಲಿ ಹುಲ್ಲು, ತರಕಾರಿ ಸಿಪ್ಪೆಗಳ ತಿಪ್ಪೆ. ನಡುವೆ ಒಂದು ಗುಂಡಿ. ಅದರಲ್ಲಿ ಮೂರು ಕೋಳಿಗಳು ಕಾಲು ಮೇಲೆ ಮಾಡಿಕೊಂಡು ಮಣ್ಣಿನಲ್ಲಿ ಹೊರಳಾಡುತ್ತಿದ್ದವು. ನಮ್ಮ ಶಾಲೆಯಲ್ಲಿ ಯಾವನಾದರೂ ಹೀಗೆ ಮಾಡಿದ್ದರೆ ಮೈದಾನದ ಸುತ್ತ ಓಡಿಸುತ್ತಿದ್ದೆ.

ಕಾರ್ಯಾಚರಣೆ ಆರಂಭವಾಯಿತು. ಎಲೆಯನ್ನೆಲ್ಲ ಗುಡಿಸಿ ಗೋಣಿಚೀಲಗಳಿಗೆ ತುಂಬಿ ಬಾಯಿ ಹೊಲಿದೆ. ತಿಪ್ಪೆಯನ್ನು ಎತ್ತಿಸಿದೆ. ಗುಂಡಿ ಮುಚ್ಚಿ, ನೀರು ಹಾಕಿ, ಬಡಿದು ಗಟ್ಟಿ ಮಾಡಿದೆ. ಕಾಳು ಎರಚುವ ಅಶಿಸ್ತನ್ನು ನಿಲ್ಲಿಸಿ, ಅಂಗಡಿಯ ಸಿದ್ಧ ಆಹಾರವನ್ನು ಸ್ಟೀಲ್ ತಟ್ಟೆಯಲ್ಲಿ ಹೊತ್ತಿಗೆ ಸರಿಯಾಗಿ ಇಟ್ಟೆ. ಇಟ್ಟ ಕೂಡಲೇ ತಿಂದು ಮುಗಿಸಿದವು. ಎಷ್ಟು ಸಮಯ ಉಳಿತಾಯ!

"ರೀ, ಅವು ಕೆರೆಯೋಕೆ ಏನಾದ್ರೂ ಬೇಡ್ವಾ?" ಎಂದಳು ಸರೋಜ, ಬೇಲಿಯ ಆಚೆಯಿಂದ.

"ಕೆರೆಯೋದು ಒಳ್ಳೆ ಅಭ್ಯಾಸ ಅಲ್ಲ."

"ಅವಕ್ಕೆ ಇದು ಇಷ್ಟವೋ ಇಲ್ಲವೋ ಅಂತಾನಾದ್ರೂ ನೋಡಿ."

"ಕೋಳಿ ಕೇಳಿ ಮಸಾಲೆ ಅರೀತಾರೇನೇ?" ಎಂದು ಗಾದೆಯನ್ನೇ ಎಸೆದೆ. ಆಮೇಲೆ ಸುತ್ತ ನೋಡಿದೆ. ಸೈಟು ಪರೇಡ್ ಮೈದಾನದಂತೆ ಹೊಳೆಯುತ್ತಿತ್ತು.

ಕೋಳಿಗಳು ಆ ಮೈದಾನದ ನಡುವೆ ನಿಂತವು. ನೆಲ ನೋಡಿದವು. ನೆಲದಲ್ಲಿ ಏನೂ ಇರಲಿಲ್ಲ. ಆಕಾಶ ನೋಡಿದವು. ಅಲ್ಲೂ ಏನೂ ಇರಲಿಲ್ಲ. ಕೊನೆಗೆ ಒಂದು ಇನ್ನೊಂದರ ಬೆನ್ನು ನೋಡಿತು. ಟಕ್! ಒಂದು ಪುಕ್ಕ ಕಿತ್ತು, ನುಂಗಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿತು.

ಕೆಲವೇ ದಿನಗಳಲ್ಲಿ ಇದು ಸಾಮೂಹಿಕ ಚಟುವಟಿಕೆಯಾಯಿತು. ಎಲ್ಲರಿಗೂ ಬೇಕಾದದ್ದು ಚಾಂದನಿಯ ಬಿಳಿ ಬಾಲ. ಬೇರೆಯವು ಓಡಿ ತಪ್ಪಿಸಿಕೊಳ್ಳುತ್ತಿದ್ದವು. ಕೈಯಲ್ಲಿ ಬೆಳೆದ ಈ ಸಾಧು ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ನೋಡನೋಡುತ್ತಲೇ ಅದರ ಹಿಂಭಾಗ ಬೋಳಾಗಿ ಕೆಂಪಗಾಯಿತು.

ಆಗ ನನಗೆ ಮೊದಲ ಬಾರಿ ಎದೆ ಧಸಕ್ಕೆಂದಿತು. ಆದರೆ ಧಸಕ್ಕೆನ್ನುವುದು ಬೇರೆ, ಧೃತಿಗೆಡುವುದು ಬೇರೆ.

ಮೊದಲ ಕ್ರಮ, ತಪ್ಪಿತಸ್ಥರನ್ನು ಪ್ರತ್ಯೇಕಿಸುವುದು. ಕುಕ್ಕಿದ ಕೋಳಿಯನ್ನು ಬುಟ್ಟಿಯಡಿ ಕವುಚಿ ಹಾಕಿದೆ. ಇನ್ನೊಂದು ಕುಕ್ಕತೊಡಗಿತು. ಅದಕ್ಕೂ ಬುಟ್ಟಿ. ಆಮೇಲೆ ಮತ್ತೊಂದು. ಬುಟ್ಟಿ ಮುಗಿದು ತೂತುಬಿದ್ದ ಬಕೆಟ್ಟು, ಮಂಕರಿ, ಸರೋಜ ಹಪ್ಪಳದ ಮೇಲೆ ಕವುಚುವ ಜಾಲರಿ ಎಲ್ಲ ಹೊರಬಂದವು. ಸಂಜೆಯ ಹೊತ್ತಿಗೆ ಅಪರಾಧಿಗಳೆಲ್ಲ ಒಳಗಿದ್ದರು. ಸೈಟಿನಲ್ಲಿ ಸ್ವತಂತ್ರವಾಗಿ ಉಳಿದಿದ್ದು ಚಾಂದನಿ ಮತ್ತು ನಾನು. ಅದು ಸುಮ್ಮನೆ ನನ್ನ ಪ್ಯಾಂಟಿನ ದಾರ ಎಳೆಯಲಾರಂಭಿಸಿತು!

ಎರಡನೆಯ ಕ್ರಮ, ಕಹಿ. ಹಾಗಲಕಾಯಿ ರಸಕ್ಕೆ ಬೇವಿನೆಣ್ಣೆ ಕಲಸಿ ಎಲ್ಲರ ಬೆನ್ನಿಗೂ ಬಳಿದೆ. ಕುಕ್ಕಿದವು, ಮುಖ ಸಿಂಡರಿಸಿದವು, ಕೊಕ್ಕು ಒರೆಸಿಕೊಳ್ಳಲು ಬಟ್ಟೆ ಹುಡುಕಿದವು. ಬೇಲಿಯ ಮೇಲೆ ಸರೋಜ ಒಗೆದು ಹರವಿದ್ದ ಬೆಡ್‌ಶೀಟ್ ಸಿಕ್ಕಿತು. ಒರೆಸಿಕೊಂಡು ಬಂದು ಮತ್ತೆ ಕುಕ್ಕಿದವು. ಆ ರಾತ್ರಿಯ ಊಟದಲ್ಲಿ ಹಾಗಲಕಾಯಿ ಪಲ್ಯ ಮಾತ್ರ ಇತ್ತು. ಸರೋಜ ಅದರ ಬಗ್ಗೆ ಯಾವ ವಿವರಣೆಯನ್ನೂ ಕೊಡಲಿಲ್ಲ.

ಮೂರನೆಯದು ನನ್ನ ಸ್ವಂತ ಆವಿಷ್ಕಾರ. ಬೋಳಾದ ಜಾಗ ಕಾಣದಿದ್ದರೆ ಕುಕ್ಕುವ ಆಸೆಯೇ ಹುಟ್ಟದಲ್ಲವೇ? ಕ್ರೀಡಾ ದಿನಕ್ಕೆ ತೊಡುತ್ತಿದ್ದ ನನ್ನ ಹಳೆಯ ಕೆಂಪು ಕೋಟನ್ನು ಕತ್ತರಿಸಿ ಎಂಟು ಮೇಲಂಗಿ ಹೊಲಿದೆ. ಒಪ್ಪವಾಗಿರಲೆಂದು ಪ್ರತಿಯೊಂದಕ್ಕೂ ಹೊಳೆಯುವ ಹಿತ್ತಾಳೆ ಗುಂಡಿ ಹಾಕಿದೆ. ತೊಡಿಸಿದಾಗ ಕಣ್ಣು ತುಂಬಿಬಂತು. ಎಂಥ ತುಕಡಿ!

ಬೈಕಿನಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗರು ನಿಂತರು. "ಗುರು, ನೋಡೋ ಇಲ್ಲಿ! ಅಂಕಲ್, ಇವುಗಳದ್ದು ಯಾವ ಸ್ಕೂಲು?"

"ಅಡ್ಮಿಷನ್ ಓಪನ್ ಇದ್ಯಾ ಕೇಳೋ ಮಗಾ!" ಎಂದ ಹಿಂದೆ ಕೂತವನು.

ಅವರು ಫೋಟೋ ತೆಗೆದು ಮುಗಿಸುವಷ್ಟರಲ್ಲಿ ಎಂಟೂ ಕೋಳಿಗಳು ಹಿತ್ತಾಳೆ ಗುಂಡಿಗಳನ್ನು ಕಂಡುಹಿಡಿದಿದ್ದವು. ಅಷ್ಟು ಹೊತ್ತು ಸೋಮಾರಿಯಾಗಿ ಕುಕ್ಕುತ್ತಿದ್ದವು ಈಗ ಶ್ರದ್ಧೆಯಿಂದ ಕುಕ್ಕತೊಡಗಿದವು!

ಆ ಹೊತ್ತಿಗೆ ಸರಿಯಾಗಿ ಶಮೀಮಳ ವಿಡಿಯೋ ಕಾಲ್ ಬಂತು.

"ಸಾರ್, ಗಂಡು ಮಗು! ಎಲ್ಲಾ ಚೆನ್ನಾಗಾಯ್ತು. ನನ್ ಚಾಂದನೀನ ತೋರ್ಸಿ ಒಂದ್ಸಲ."

ನಾನು ಚಾಂದನಿಯ ಅಂಗಿ ಬಿಚ್ಚಿ, ಎತ್ತಿ, ಮುಖವನ್ನು ಮಾತ್ರ ಫೋನಿಗೆ ಹಿಡಿದೆ. ಪಾಸ್‌ಪೋರ್ಟ್ ಫೋಟೋದ ಹಾಗೆ.

"ಯಾಕೋ ಬೇಜಾರಲ್ಲಿದೆ ಸಾರ್. ಹಿಂದೆ ತಿರುಗ್ಸಿ, ಬಾಲ ನೋಡೋಣ."

"ಬಾಲ ಚೆನ್ನಾಗಿದೆಯಮ್ಮ."

"ತೋರ್ಸಿ ಸಾರ್!"

"ನೆಟ್‌ವರ್ಕ್... ಹಲೋ... ಹಲೋ..." ಎಂದು ನಾನೇ ಫೋನನ್ನು ಅಲ್ಲಾಡಿಸಿದೆ. ಅವಳು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ನಾಳೆ ಬರ್ತಾ ಇದೀನಿ ಸಾರ್!"

ಮರುದಿನ ಬೆಳಿಗ್ಗೆಯೇ ನಾನು ಮತ್ತಿಕೆರೆಗೆ ಹೋದೆ. ಬಿಳಿ ಬಾಲದ ಇನ್ನೊಂದು ಕೋಳಿ ಸಿಗಬಾರದೇಕೆ? ಕೋಳಿ ಅಂಗಡಿಯಲ್ಲಿ ಒಂದೊಂದನ್ನೂ ಹಿಂದಕ್ಕೆ ತಿರುಗಿಸಿ ನೋಡಿದೆ. ಅಂಗಡಿಯವನು ಕತ್ತಿ ಕೆಳಗಿಟ್ಟು ಹೇಳಿದ: "ಸಾರ್, ಬಾಲ ನೋಡಿ ಕೋಳಿ ತಗೊಳ್ಳೋರ್ನ ಇವತ್ತೇ ನೋಡಿದ್ದು. ಎಂಗಿದ್ರೂ ಕಿತ್ತಾಕೋದೇ ಅಲ್ವಾ?"

ಕಿತ್ತುಹಾಕುವ ಕೆಲಸ ಆಗಲೇ ಮುಗಿದಿದೆ ಎಂದು ಅವನಿಗೆ ಹೇಗೆ ಹೇಳಲಿ! ಬರಿಗೈಯಲ್ಲಿ ಮರಳಿದೆ.

ಬಂದು ನೋಡುತ್ತೇನೆ, ನನ್ನ ಮೈದಾನ ನಾಶವಾಗಿದೆ. ಗೋಣಿಚೀಲಗಳ ಹೊಲಿಗೆ ಬಿಚ್ಚಿ ಸರೋಜ ಎಲೆಯನ್ನೆಲ್ಲ ಮತ್ತೆ ಸುರಿದಿದ್ದಾಳೆ. ಮೇಲೆ ಕಾಳು ಎರಚಿದ್ದಾಳೆ. ಕೋಳಿಗಳ ಅಂಗಿಗಳನ್ನೆಲ್ಲ ಬಿಚ್ಚಿಹಾಕಿದ್ದಾಳೆ. ಎರಡು ಸೊಪ್ಪಿನ ಕಟ್ಟು ಮರಕ್ಕೆ ನೇತಾಡುತ್ತಿವೆ. ಗುಂಡಿಯನ್ನು ಹಾರೆಯಿಂದ ಅಗೆದು ಬೂದಿ ಹಾಕಿದ್ದಾಳೆ. ಏಳು ಕೋಳಿಗಳು ಎಲೆ ಕೆರೆಯುವುದರಲ್ಲಿ ಮುಳುಗಿಹೋಗಿದ್ದವು. ಒಂದೂ ಇನ್ನೊಂದರ ಕಡೆ ತಿರುಗಿ ನೋಡುತ್ತಿರಲಿಲ್ಲ. ಚಾಂದನಿ ಗುಂಡಿಯಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು.

"ಏನೇ ಇದು?"

"ಅವುಗಳ ಕೊಕ್ಕಿಗೆ ಹಗಲೆಲ್ಲಾ ಕೆಲಸ ಬೇಕು ಕಣ್ರೀ. ನೀವು ಕೆಲಸ ಕಿತ್ಕೊಂಡ್ರಿ, ಅವು ಪುಕ್ಕ ಕಿತ್ಕೊಂಡ್ವು."

ಅಷ್ಟರಲ್ಲಿ ಗೇಟಿನಲ್ಲಿ ಆಟೋ ನಿಂತಿತು.

ಶಮೀಮ್ ಚೀಲವನ್ನೂ ಒಳಗಿಡದೆ ನೇರ ಸೈಟಿಗೆ ಬಂದಳು. ಚಾಂದನಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಬೋಳು ಜಾಗದ ಮೇಲೆ ಬೆರಳಾಡಿಸಿದಳು. ನಾನು ಅಟೆನ್ಷನ್‌ನಲ್ಲಿ ನಿಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ತಪ್ಪಾಯ್ತಮ್ಮ," ಎಂದೆ. ಆ ಪದವನ್ನು ನಾನು ಬೇರೆಯವರ ಬಾಯಿಂದ ಹೇಳಿಸಿಯೇ ಅಭ್ಯಾಸ.

ಅವಳು ಮೂಸಿ ನೋಡಿದಳು. "ಬೇವಿನೆಣ್ಣೆನಾ?"

"ಹಾಗಲಕಾಯಿಯೂ ಇದೆ," ಎಂದಳು ಸರೋಜ. "ಕೋಟೂ ಹೊಲಿದಿದ್ರು. ತೋರಿಸ್ಲಾ?"

ತೋರಿಸಿಯೇ ಬಿಟ್ಟಳು. ಶಮೀಮ್ ಆ ಕೆಂಪು ಅಂಗಿಯನ್ನು, ಹಿತ್ತಾಳೆ ಗುಂಡಿಯನ್ನು, ನನ್ನನ್ನು ಒಂದೊಂದಾಗಿ ನೋಡಿದಳು. ಕಣ್ಣಲ್ಲಿ ನೀರಿದ್ದಾಗಲೇ ನಗು ಬಂದುಬಿಟ್ಟಿತು. "ಯಾ ಅಲ್ಲಾ! ಪುಕ್ಕ ಬರುತ್ತೆ ಬಿಡಿ ಸಾರ್. ನಿಧಾನಕ್ಕೆ ಬರುತ್ತೆ."

ಪುಕ್ಕ ನಿಧಾನಕ್ಕೇ ಬರುತ್ತಿದೆ. ಈಗ ಮಗುವಿಗೆ ಹೆಸರಿಡುವ ಸಮಾರಂಭಕ್ಕೆ ಶಮೀಮ್ ಮತ್ತೆ ಚಿಂತಾಮಣಿಗೆ ಹೋಗಿದ್ದಾಳೆ. ಗೂಡಿನ ಬೀಗದ ಕೈಯನ್ನು ನನ್ನ ಮುಂದೆಯೇ ಸರೋಜಳಿಗೆ ಕೊಟ್ಟು ಹೇಳಿದಳು: "ಅಕ್ಕಾ, ಕೋಳೀನ ಬಿಟ್ಬಿಡಿ. ಸಾರ್‌ನ ಕೂಡಿಹಾಕಿ."

ಸರೋಜ ಅಷ್ಟು ಕ್ರೂರಿಯಲ್ಲ. ಬೆಳಿಗ್ಗೆ ನನ್ನನ್ನು ಮಹಡಿಗೆ ಕರೆದುಕೊಂಡು ಹೋಗಿ, ಚಾಪೆಯ ಮೇಲೆ ಒಂದು ಮೂಟೆ ಅವರೆಕಾಯಿ ಸುರಿದಳು. ಅದರಲ್ಲಿ ಎಲೆ, ಕಡ್ಡಿ, ಬಳ್ಳಿ ಎಲ್ಲ ಇತ್ತು.

"ಆರಿಸಿ, ಸುಲೀತಾ ಕೂತ್ಕೊಳ್ಳಿ. ಕಾಫಿ ಇಲ್ಲಿಗೇ ತರ್ತೀನಿ."

ಇದು ನನ್ನಂಥವನಿಗೆ ಅವಮಾನ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಕಾಯಿಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಬಹುದೆಂದು ಹೊಳೆಯಿತು. ಜೋಡಿಸಿದೆ. ಸುಲಿದೆ. ಮಧ್ಯಾಹ್ನವಾದದ್ದೇ ತಿಳಿಯಲಿಲ್ಲ.

ಒಪ್ಪಿಕೊಳ್ಳಲೇಬೇಕು. ಬೆಳಗಿನಿಂದ ನಾನು ಯಾರನ್ನೂ ಕುಕ್ಕಿಲ್ಲ.