ಮಾವನ ಬೂದಿ, ನಮ್ಮ ಅಡುಗೆಮನೆ

ಇಂದು ಬೆಳಗಿನಿಂದ ಮಾಡಿದ ಕೆಲಸಗಳು: ನಳ ಬಂದಾಗ ಕೊಡ, ಬಕೆಟ್ಟು, ಕೊನೆಗೆ ಕುಕ್ಕರಿಗೂ ನೀರು ತುಂಬಿದೆ. ಕಿಟಕಿ ಸರಳುಗಳ ಕೆಂಪು ಧೂಳು ಒರೆಸಿದೆ. ಅಕ್ಕಿ ಆರಿಸಿದೆ. ಅಷ್ಟರಲ್ಲಿ ಅದಿರಿನ ಲಾರಿಗಳು ಸಾಲಾಗಿ ಹೋದವು. ಅದೇ ಸರಳುಗಳನ್ನು ಮತ್ತೆ ಒರೆಸಿದೆ. ರವಿಕೆಗೆ ಹುಕ್ಕು ಹಚ್ಚಿದೆ. ಇನ್ನೊಂದು ಕೆಲಸ ಉಳಿದಿತ್ತು. ಅತ್ತೆಯನ್ನು, ಅಂದರೆ ನನ್ನ ಗಂಡನ ತಾಯಿಯನ್ನು, ಕರೆದುಕೊಂಡು ಪಾಪಿನಾಯಕನಹಳ್ಳಿಗೆ ಹೋಗಿ, ನನ್ನ ಸೋದರಮಾವನಿಗೆ ‘ನಿಮ್ಮ ಇಟ್ಟಿಗೆ ನಮಗೆ ಬೇಡ’ ಎಂದು ಹೇಳಿ ಬರುವುದು. ಇದೇನು ಮಹಾ ಕೆಲಸ ಅನ್ನುತ್ತೀರಾ? ನಿಮಗೆ ನಮ್ಮ ಮಾವ ಗೊತ್ತಿಲ್ಲ.

ಬೂದಿಯನ್ನು ಅವರಷ್ಟು ಪ್ರೀತಿಸಿದವರು ಶಿವನನ್ನು ಬಿಟ್ಟರೆ ಮೂರು ಲೋಕದಲ್ಲಿ ಇನ್ನೊಬ್ಬರಿಲ್ಲ! ಶಿವನಾದರೂ ಮೈಗೆ ಬಳಿದುಕೊಂಡು ಸುಮ್ಮನೆ ಕೂತ. ಮಾವ ಸುಮ್ಮನಿರುವ ಪೈಕಿಯೇ ಅಲ್ಲ. ದೂರದ ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರ್ ಆಗಿದ್ದರು. ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಹರಿಸಿ, ಊರಾಚೆಯ ದೊಡ್ಡ ಹೊಂಡಕ್ಕೆ ಬಿಡುವುದು ಅವರ ಕೆಲಸ. ಹೊಂಡ ಒಣಗಿದರೆ ಆ ಬೂದಿ ಗಾಳಿಗೆದ್ದು ಅವರದೇ ಕ್ವಾರ್ಟರ್ಸಿಗೆ ವಾಪಸು! ಅವರ ಹೆಂಡತಿ ಹಗ್ಗದ ಮೇಲಿನ ಬಟ್ಟೆ ಕೊಡವುತ್ತ, “ನೀವು ಕಳಿಸಿದ್ದು ನಿಮಗಿಂತ ಮೊದಲ ಮನಿಗೆ ಬಂದೈತಿ ನೋಡ್ರಿ” ಅನ್ನುತ್ತಿದ್ದರಂತೆ.

ಆ ಮಾತು ಮಾವನಿಗೆ ನಾಟಿತು. ಆಕೆ ತೀರಿಕೊಂಡ ಮೇಲೆ ಇನ್ನೂ ಆಳಕ್ಕೆ ನಾಟಿತು. ಮಕ್ಕಳಿರಲಿಲ್ಲ. ನೌಕರಿ ಮುಗಿಸಿ ಬಂದವರು ಪಾಪಿನಾಯಕನಹಳ್ಳಿಯ ರಸ್ತೆ ಬದಿಗೆ ತಗಡಿನ ಶೆಡ್ಡು ಹಾಕಿದರು. ಸುತ್ತಲಿನ ಕಾರ್ಖಾನೆಗಳ ಹಾರುಬೂದಿ ತಂದು ಸುಣ್ಣ, ಜಿಪ್ಸಮ್, ಕಲ್ಲುಪುಡಿ ಸೇರಿಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡತೊಡಗಿದರು. ಊರಿಗೆ ಊರೇ ಅದಿರಿನ ಕೆಂಪು ಮಣ್ಣು ಸಾಗಿಸಿ ಬಂಗಲೆ ಕಟ್ಟುತ್ತಿರುವಾಗ ಇವರು ಬೂದಿ ಹೊತ್ತರು! ಈ ಇಟ್ಟಿಗೆಯನ್ನು ಬೆಂಕಿಯಲ್ಲಿ ಸುಡುವುದಿಲ್ಲ. ಮೂರು ವಾರ ದಿನಾ ನೀರು ಕುಡಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಗಟ್ಟಿ ಮಾಡಬೇಕು. ಬಾಣಂತಿಗೂ ಅಷ್ಟು ಆರೈಕೆ ಇರುವುದಿಲ್ಲ.

ಕಡ್ಡಿರಾಂಪುರದಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಮಾವ ಬಣ್ಣದ ಕಾಗದ ಸುತ್ತಿದ ಉಡುಗೊರೆ ಕೊಟ್ಟರು. ಎರಡೂ ಕೈಯಲ್ಲಿ ಹಿಡಿದ ಯಜಮಾನರ ಮುಖ ಅರಳಿತು. ಇಷ್ಟು ಭಾರ ಇದ್ದಮೇಲೆ ಬೆಳ್ಳಿಯೇ ತಾನೇ? ಬಿಚ್ಚಿದರೆ ಇಟ್ಟಿಗೆ! ಯಜಮಾನರೂ ಕಮ್ಮಿಯವರಲ್ಲ. “ಭಾಳ ಛಲೋ ಆತ್ರಿ. ಉಳಿದ ಮನಿ ಯಾವಾಗ ಕೊಡ್ತೀರಿ?” ಅಂದರು.

ನಮ್ಮ ಮನೆಯಲ್ಲಿ ಅದರ ಗಟ್ಟಿತನ ತೋರಿಸಲು ಸೊಂಟದೆತ್ತರದಿಂದ ಕೆಳಗೆ ಬಿಟ್ಟರು. ಇಟ್ಟಿಗೆಯ ಮೂಲೆ ಸಹ ಮುಕ್ಕಾಗಲಿಲ್ಲ. ಟೈಲ್ಸು ಎರಡು ಹೋಳು!

“ನೋಡಿದೇನವಾ, ಹೆಂಗೈತಿ ಇಟ್ಟಿಗಿ?”

“ಇಟ್ಟಿಗಿ ಗಟ್ಟಿ ಐತ್ರಿ ಮಾಮಾ. ನಮ್ಮ ನೆಲಾನ ಮೆತ್ತಗ.”

ಅಂದಿನಿಂದ ಅತ್ತೆ, ಮಾವ ಬಂದರೆಂದರೆ ಮೊದಲು ಅವರ ಕೈ ನೋಡುತ್ತಾರೆ, ಆಮೇಲೆ ಮುಖ.

ಕಂಪ್ಲಿಯ ಮದುವೆಯೊಂದರಲ್ಲಿ ಊಟಕ್ಕೆ ಗಣಿ ಕಂಟ್ರಾಕ್ಟರೊಬ್ಬರ ಪಕ್ಕವೇ ಕೂತರು. “ನಿಮ್ಮ ಸಂಡೂರ ಕಡೆ ತೋಡಿಬಿಟ್ಟ ಗುಂಡಿ ಅದಾವು. ಇಲ್ಲಿ ಬೂದಿ ದಂಡಿಯಾಗಿ ಐತಿ. ಎರಡಕ್ಕೂ ಲಗ್ನ ಮಾಡ್ಸೂಣ್ರಿ! ಆದ್ರ ಮೊದಲ ತಳಕ್ಕ ನೀರಿಳೀದಂಗ ಹಾಸಿಗಿ ಹಾಸ್ಬೇಕು. ಇಲ್ಲಂದ್ರ ಬೂದ್ಯಾಗಿನ ವಿಷ ಬಾವಿಗೆ ಇಳಿತೈತಿ.” ಕಂಟ್ರಾಕ್ಟರು, “ಹಾಸಿಗಿ ಆಮ್ಯಾಲ ಹಾಸೂಣ್ರಿ, ಈಗ ತುಪ್ಪ ಹಾಕಿಸ್ಕೊಳ್ರಿ” ಅಂದರು. ಮಾವ ತುಪ್ಪ ಹಾಕಿಸಿಕೊಂಡು ತಲೆಯೆತ್ತುವಷ್ಟರಲ್ಲಿ ಪಕ್ಕದ ಜಾಗ ಖಾಲಿ.

ಇಟ್ಟಿಗೆ ಕೆಂಪಗಿಲ್ಲ, ಬೂದಿಬಣ್ಣ ಎಂದು ಜನ ಮೂಗು ಮುರಿಯುತ್ತಿದ್ದರಲ್ಲ, ಶೆಡ್ಡಿನ ಹೊರಗಿಟ್ಟ ಇಟ್ಟಿಗೆಗಳ ಮೇಲೆ ಲಾರಿಗಳ ಧೂಳು ಕೂತು ಕೂತು ಅವೂ ಕೆಂಪಾದವು! ಗಾದಿಗನೂರಿನಿಂದ ಬಂದ ಗಿರಾಕಿಯೊಬ್ಬರು, “ಮಸ್ತ್ ಕೆಂಪ ಅದಾವ್ರಿ. ನಾಳೇನ ಗಾಡಿ ತರ್ತೀನಿ” ಅಂದರು. ಬೇರೆ ಯಾರೇ ಆಗಿದ್ದರೂ ಕೈಮುಗಿದು ಸುಮ್ಮನಿರುತ್ತಿದ್ದರು. ಮಾವ ಹೆಗಲ ಮೇಲಿನ ಟವೆಲಿನಿಂದ ಒಂದು ಇಟ್ಟಿಗೆಯನ್ನು ತಿಕ್ಕಿ ತಿಕ್ಕಿ ತೋರಿಸಿದರು. “ಮ್ಯಾಲಿಂದು ಧೂಳ್ರಿ. ಒಳಗ ಅಪ್ಪಟ ಬೂದಿ!” ಗಾಡಿ ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಮಾವ ಇಟ್ಟಿಗೆಗಳನ್ನೆಲ್ಲ ಒಳಗೆ ಜೋಡಿಸಿಟ್ಟರು.

ಈಗ ನಮ್ಮ ಹಿತ್ತಲಲ್ಲಿ ಹೊಸ ಅಡುಗೆಮನೆ ಕಟ್ಟಬೇಕು. ಮಾವ ಕೇಳಿದ್ದು ಇಷ್ಟೇ: “ಅದೊಂದು ನನ್ನ ಇಟ್ಟಿಗ್ಯಾಗ ಕಟ್ರವಾ. ನಾಕು ಮಂದಿ ಒಳಗ ಕುಂತು ಉಣ್ಣಾದು ನೋಡ್ಬೇಕು. ಇದೂ ಆಗ್ಲಿಲ್ಲಂದ್ರ ಶೆಡ್ ಮುಚ್ಚಿಬಿಡ್ತೀನಿ.”

ಅತ್ತೆ ಒಪ್ಪಲಿಲ್ಲ. “ಸುಡುಗಾಡಿಂದ ಬಂದೋರು ಮೈ ತೊಳ್ಕೊಂಡು ಒಳಗ ಬರ್ತಾರ. ನಾವು ಬೂದ್ಯಾಗ ಕುಂತು ಅನ್ನ ಉಣ್ಣಬೇಕೇನು? ಬ್ಯಾಡ.” ನಮ್ಮ ಮನೆಯವರಿರುವುದು ಸಂಡೂರಿನ ಗಣಿಯಲ್ಲಿ, ಬಂದರೆ ಭಾನುವಾರ. ಫೋನು ಮಾಡಿದರೆ “ನೀವ ನೋಡ್ಕೊಳ್ರಿ” ಎಂದು ಇಟ್ಟುಬಿಟ್ಟರು. ಇಷ್ಟು ದೊಡ್ಡ ಮನೆಯಲ್ಲಿ ನಾನು, ಅತ್ತೆ ಮತ್ತು ಧೂಳು. ಅತ್ತೆ ಬೇಡವೆಂದರೆ ಮುಗಿಯಿತು. ಬೂದಿಯ ಪುರಾಣವನ್ನು ನಾನು ಇಷ್ಟು ವರ್ಷ ತಾಳ್ಮೆಯಿಂದ ಕೇಳಿದ್ದೇಕೆಂದು ಕೇಳಬೇಡಿ. ಕೂತು ಮಾತಾಡುವವರು ಬೇರೆ ಯಾರು ಬರುತ್ತಿದ್ದರು?

ಶೆಡ್ಡಿನ ಮುಂದೆ ನಾವು ಆಟೋ ಇಳಿದಾಗ ಮಾವ ಪೈಪು ಹಿಡಿದು ಇಟ್ಟಿಗೆಗಳಿಗೆ ನೀರು ಬಿಡುತ್ತಿದ್ದರು. “ಬರ್ರಿ, ಬರ್ರಿ, ಕುಂದ್ರಿ!” ಎಂದು ಸಡಗರಿಸಿದರು. ಕುರ್ಚಿ ಒಂದೇ. ನನಗೆ ಬಕೆಟ್ಟು ಬೋರಲು ಹಾಕಿದರು. ಚಹಾ ಮಾಡಿದರು. ಕಪ್ಪೂ ಒಂದೇ. ಮೊದಲು ಅತ್ತೆ ಕುಡಿದರು, ತೊಳೆದು ನನಗೆ, ತೊಳೆದು ಅವರಿಗೆ.

ಅತ್ತೆಯೇ ಶುರು ಮಾಡಿದರು.

“ಇವು ಹೊಸಾವೇನ್ರಿ?”

“ಇಲ್ರೀ, ಹೋದ ದೀಪಾವಳಿ ಮುಂದ ಒತ್ತಿದ್ದು.”

“ಮೂರು ವಾರ ನೀರು ಸಾಕಂತಿದ್ರಿ?”

“ಸಾಕ್ರಿ. ಎಂದೋ ಗಟ್ಟಿ ಆಗ್ಯಾವು.”

“ಮತ್ತ ಇನ್ನೂ ಯಾಕ ನೀರು?”

ಮಾವ, ಚಹಾ ಮುಗಿಸಿ ಮತ್ತೆ ಎತ್ತಿಕೊಂಡಿದ್ದ ಪೈಪಿನ ತುದಿಯನ್ನು ಮಡಚಿ ಹಿಡಿದರು.

“ನೀರ್ ಹಾಕಾದು ಬಿಟ್ರ, ಬೆಳಿಗ್ಗೆ ಎದ್ದು ಏನ್ ಮಾಡ್ಲಿರಿ?”

ಹೊರಗೆ ಲಾರಿಗಳು ಹೋದವು. ತಗಡು ನಡುಗಿ ನಿಂತಿತು. ನಾನು ಬಂದ ಕೆಲಸ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡೆ. ಅತ್ತೆ ನನ್ನ ಮೊಣಕಾಲು ಅದುಮಿದರು.

“ಇಟ್ಟಿಗಿ ಯಾವಾಗ ಕಳಿಸ್ತೀರಿ ಅಂತ ಕೇಳಾಕ ಬಂದ್ವಿ. ಆದ್ರ ಒಂದ ಮಾತು. ಗ್ವಾಡಿ ಕಟ್ಟಿದ ಮ್ಯಾಲೂ ನೀರು ಹೊಡೀಬೇಕಲ್ರಿ? ನನ್ನ ಕೈಲಿ ಆಗಂಗಿಲ್ಲ, ಈಕಿ ಕೈಲೂ ಆಗಂಗಿಲ್ಲ. ದಿನಾ ನೀವ ಬರ್ಬೇಕು. ಬಂದು ಉಂಡು ಹೋಗ್ಬೇಕು.”

ಮಾವನಿಗೆ ಸುಳ್ಳು ಬರುವುದಿಲ್ಲ. “ಗ್ವಾಡಿಗೆ ಒಂದು ವಾರ ಸಾಕ್ರಿ…”

“ನಮ್ಮ ಗ್ವಾಡಿಗೆ ಸಾಕಾಗಂಗಿಲ್ಲ,” ಅಂದರು ಅತ್ತೆ.

ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಮಾವ ನಮ್ಮ ಆಟೋದಲ್ಲೇ ಬಂದರು. ಊಟಕ್ಕೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬ್ಯಾಡ ಬ್ಯಾಡ ಅನ್ನುತ್ತಲೇ ಮಾವ ಮತ್ತೊಂದು ರೊಟ್ಟಿ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು, ಪಡಸಾಲೆಯಲ್ಲಿ ಕೂತಲ್ಲೇ, ನಿದ್ದೆ ಹೋದವರೂ ಅವರೇ. ಅತ್ತೆ ಎದ್ದು ಹೋಗಿ ಟಿವಿಯ ಸದ್ದು ತಗ್ಗಿಸಿದರು.