ಹತ್ತನೇ ಗ್ರಹಕ್ಕೆ ಬಂದ ಬಹುಮಾನ

ನವಗ್ರಹಗಳಿಗೆ ಇನ್ನೊಂದು ಸೇರಲಿ ಎಂದು ನಾನು ಶುರುಮಾಡಿದ ವೈಜ್ಞಾನಿಕ ಕಥೆಗಳ ಕನ್ನಡ ಅಭಿಮಾನಿ ಪತ್ರಿಕೆ, ಅಂದರೆ ಫ್ಯಾನ್‌ಜೀನ್, 'ಹತ್ತನೇ ಗ್ರಹ'. ಸಂಸ್ಥಾಪಕ, ಸಂಪಾದಕ, ಲೇಖಕ, ಸ್ಟೇಪ್ಲರ್ ಒತ್ತುವವ ಎಲ್ಲ ನಾನೇ. ರಾಚೆಸ್ಟರ್ ಹಿಲ್ಸ್‌ನ ನಮ್ಮ ಬೇಸ್‌ಮೆಂಟಿನಲ್ಲಿ ಹುಟ್ಟಿ ಹದಿನೇಳು ಸಂಚಿಕೆ ಕಂಡ ಪತ್ರಿಕೆ. ಹೆಮ್ಮೆಪಡುವ ಕೆಲಸವೂ ನನ್ನ ಪಾಲಿಗೇ ಬಿದ್ದಿತ್ತು.

ಹೀಗಿರಲು ಶಿಕಾಗೋ ಬಳಿ ನಡೆಯುವ ಅಭಿಮಾನಿ ಪತ್ರಿಕೆಗಳ ಪ್ರದರ್ಶನದಿಂದ ಕರೆ ಬಂತು. ಪತ್ರಿಕೆಯ ಇತಿಹಾಸ ತೋರಿಸಲು ಒಂದು ಟೇಬಲ್ ಕೊಡುತ್ತಾರಂತೆ, ಎಲ್ಲ ಸಂಚಿಕೆ ತರಬೇಕಂತೆ. ಪೂರ್ತಿ ಸೆಟ್ ಇದ್ದದ್ದು ಒಂದೇ. ಹೊರಡುವ ಬೆಳಿಗ್ಗೆ ಹುಡುಕಿದರೆ ಅದು ದೇವರ ಮುಂದಿತ್ತು. ನವರಾತ್ರಿ. ಮಗಳ ಕಾಲೇಜು ಪುಸ್ತಕಕ್ಕಿಂತ ನನ್ನ ಪತ್ರಿಕೆ ಏನು ಕಡಿಮೆ ಎಂದು ಸರಸ್ವತಿ ಪೂಜೆಗೆ ಇಟ್ಟವನು ನಾನೇ.

"ಪೂಜೆಗಿಟ್ಟಿದ್ದನ್ನ ದಶಮಿವರೆಗೂ ತೆಗೆಯೋ ಹಾಗಿಲ್ಲ ರೀ," ಎಂದಳು ಹೆಂಡತಿ ಸುಮ.

"ನಾಳೇನೇ ಪ್ರದರ್ಶನ ಕಣೇ."

"ಇಡೋವಾಗ ಕ್ಯಾಲೆಂಡರ್ ನೋಡ್ಬೇಕಿತ್ತು."

"ದೇವೀನೂ ಜೊತೇಲಿ ಬಂದ್ರೆ?"

ಸುಮ ಮಾತಾಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ತೀರ್ಮಾನಿಸಿದೆ.

ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಸೀಟ್‌ಬೆಲ್ಟ್ ಪರೀಕ್ಷಿಸುವುದೇ ನನ್ನ ಉದ್ಯೋಗ. ದೇವಿಯನ್ನು ಮಣೆ, ಹೂವು, ಹದಿನೇಳು ಸಂಚಿಕೆಗಳ ಸಮೇತ ಹಿಂದಿನ ಸೀಟಿಗೆ ಬಿಗಿದೆ. ಸುಮಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕುಂಕುಮ ಚೆಲ್ಲದ ಹಾಗೆ ಹೈವೇಯಲ್ಲಿ ಐವತ್ತರ ಸ್ಪೀಡಲ್ಲಿ ಓಡಿಸಿದೆ. ಟ್ರಕ್ಕಿನವರೆಲ್ಲ ಹಾರ್ನ್ ಹೊಡೆದು ಆಶೀರ್ವದಿಸಿದರು.

ಪ್ರದರ್ಶನದಲ್ಲಿ ದೇವಿಯ ಸಮೇತ ಸಜ್ಜಾದ ನಮ್ಮ ಟೇಬಲ್ಲನ್ನು ಜನ ಮುತ್ತಿದರು. ಒಬ್ಬ ಸಂಚಿಕೆ ತೆರೆಯಲು ಕೈ ಚಾಚಿದ. ಸುಮ ತಡೆದಳು. "ನೋ ಟಚಿಂಗ್ ಪ್ಲೀಸ್. ಗಾಡೆಸ್ ಈಸ್ ರೀಡಿಂಗ್."

ಸುದ್ದಿ ಹಬ್ಬಿ ಕ್ಯೂ ನಿಂತಿತು. ಅದರಲ್ಲಿ ಒಬ್ಬರು ಮೈಸೂರಿನ ಹಿರಿಯರು. "ಒಂದೇ ಪುಟ ಓದ್ತೀನಮ್ಮ," ಎಂದು ಬೇಡಿಕೊಂಡರು. ನಾನು ಹಿಗ್ಗಿಹೋದೆ. ಕನ್ನಡ ಬಲ್ಲ, ತಾನಾಗಿ ಬಂದ ಮೊದಲ ಓದುಗ!

"ದಶಮಿ ಆದ್ಮೇಲೆ ಅಂಕಲ್," ಎಂದಳು ಸುಮ. ಅವರು ಕೈಮುಗಿದು ಹೊರಟೇಹೋದರು.

ಸಂಜೆ ಅತ್ಯುತ್ತಮ ಪತ್ರಿಕೆಯ ಬಹುಮಾನ ನಮಗೇ ಬಂತು. ಇಷ್ಟು ಕುತೂಹಲ ಹುಟ್ಟಿಸಿದ ಪತ್ರಿಕೆ ಇನ್ನೊಂದಿಲ್ಲ ಎಂದರು ತೀರ್ಪುಗಾರರು. ಒಬ್ಬರೂ ಒಂದಕ್ಷರ ಓದಿರಲಿಲ್ಲ. ಆದರೂ ನನಗೆ ಹೆಮ್ಮೆಯಿಂದ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ದಶಮಿಯ ದಿನ ಪೂಜೆಗಿಟ್ಟ ಪುಸ್ತಕದಿಂದ ಒಂದಿಷ್ಟು ಓದುವುದು ನಮ್ಮಲ್ಲಿ ಪದ್ಧತಿ. ಸುಮ ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಪತ್ರಿಕೆ ತೆರೆದಳು. ನಾನು ಬಹುಮಾನದ ಫಲಕ ಹಿಡಿದು ಪಕ್ಕದಲ್ಲೇ ನಿಂತೆ. ಅವಳು ಎರಡು ಪುಟ ಓದಿದಳು. ಮುಚ್ಚಿ, ಕಣ್ಣಿಗೊತ್ತಿಕೊಂಡು, ಮತ್ತೆ ದೇವಿಯ ಮುಂದೆಯೇ ಇಟ್ಟಳು.

"ಇನ್ನೂ ಸ್ವಲ್ಪ ದಿನ ಪೂಜೇಲೇ ಇರ್ಲಿ ಬಿಡಿ."