ಒಗೆಯುವ ಕಲ್ಲೂ ನನ್ನ ಎಂ.ಎ.ಯೂ

ಹೆದರುವುದಕ್ಕೆಂದೇ ಕೆಲವರು ಹುಟ್ಟಿರುತ್ತಾರೆ. ನಾನು ಆ ಪೈಕಿ. ಚಿಕ್ಕಂದಿನಲ್ಲಿ ದಾವಣಗೆರೆಯಲ್ಲಿ ಎಮ್ಮೆಗೆ ಹೆದರುತ್ತಿದ್ದೆ, ಆಮೇಲೆ ಲೆಕ್ಕದ ಮೇಷ್ಟರಿಗೆ, ಬೆಂಗಳೂರಿಗೆ ಗುಮಾಸ್ತನಾಗಿ ಬಂದ ಮೇಲೆ ಸೂಪರಿಂಟೆಂಡೆಂಟರಿಗೆ. ಇಂಥವನು ಮದುವೆಯಾಗಿ, ಮೂವತ್ತು ದಾಟಿದ ಮೇಲೆ ಎಂ.ಎ. ಮಾಡಲು ಹೊರಟದ್ದು ಧೈರ್ಯದಿಂದ ಎಂದು ಯಾರಾದರೂ ತಿಳಿದರೆ ಅದು ಅವರ ದೊಡ್ಡ ಮನಸ್ಸು. ಗುಮಾಸ್ತನಾಗಿಯೇ ರಿಟೈರ್ ಆಗಿಬಿಡುತ್ತೇನೇನೋ ಎಂಬ ಭಯ ನನ್ನನ್ನು ಆ ಕಡೆ ದೂಡಿತು. ಇತಿಹಾಸವನ್ನು ಆರಿಸಿಕೊಂಡದ್ದೂ ಅದೇ ಕಾರಣಕ್ಕೆ. ಸತ್ತುಹೋದ ರಾಜರು ನನ್ನನ್ನು ಏನು ಮಾಡಿಯಾರು ಎಂದುಕೊಂಡೆ. ಪಾಠಗಳು ಅಂಚೆಯಲ್ಲಿ ಬರುತ್ತಿದ್ದುದರಿಂದ ಎದುರಿಗೆ ಮೇಷ್ಟರ ಕಾಟವೂ ಇರಲಿಲ್ಲ.

ನಮ್ಮ ಬಾಡಿಗೆ ಮನೆ ಕುರುಬರಹಳ್ಳಿಯ ಒಂದು ವಠಾರದಲ್ಲಿ. ಮಾಲೀಕ ಮುನಿಯಪ್ಪನವರು ಆ ಊರಿನ ಹಳೆಯ ಒಕ್ಕಲು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ಮನೆ ಕಟ್ಟಿಸಿದ್ದಾರೆ. ನಡುವಿನ ಅಂಗಳದಲ್ಲಿ ಒಂದು ನಲ್ಲಿ, ಅದರ ಪಕ್ಕ ಎಲ್ಲರೂ ಬಟ್ಟೆ ಒಗೆಯುತ್ತಿದ್ದ ದೊಡ್ಡ ಚಪ್ಪಡಿ ಕಲ್ಲು. ಓದಿದ್ದು ತಲೆಗೆ ಹತ್ತಬೇಕಾದರೆ ಗಟ್ಟಿಯಾಗಿ ಓದಬೇಕು ಎಂದು ನಮ್ಮಪ್ಪ ಕಲಿಸಿದ್ದರು. ಬೆಳಗಾದರೆ ಒಳಗೆ ನಾನು ಗಂಗರನ್ನೂ ಹೊಯ್ಸಳರನ್ನೂ ಗಂಟಲು ಹರಿಯುವಂತೆ ಓದುವುದು, ಹೊರಗೆ ಕಲ್ಲಿನ ಮೇಲೆ ಧಪಧಪ ಬಟ್ಟೆ ಬೀಳುವುದು, ಎರಡೂ ಒಟ್ಟಿಗೇ ನಡೆಯುತ್ತಿದ್ದವು. ನಾನು ಭಾರಿ ಪಂಡಿತನೆಂದು ವಠಾರವೆಲ್ಲ ನಂಬಿತ್ತು. ನನಗೆ ಮಾತ್ರ ಶಾಸನಗಳ ಪೇಪರನ್ನು ನೆನೆದರೆ ಕೈಕಾಲು ತಣ್ಣಗಾಗುತ್ತಿತ್ತು. ಹಳೆಯ ಲಿಪಿಯ ಒಂದಕ್ಷರವೂ ನನ್ನ ಕಣ್ಣಿಗೆ ಅಕ್ಷರವಾಗಿ ಕಾಣುತ್ತಿರಲಿಲ್ಲ, ಜಿಲೇಬಿಯಾಗಿ ಕಾಣುತ್ತಿತ್ತು.

ಒಂದು ಭಾನುವಾರ ನಲ್ಲಿಯ ಪೈಪು ಒಡೆಯಿತು. ನೆಲ ಅಗೆಯಲೆಂದು ಕಲ್ಲನ್ನು ಮಗುಚಿದರೆ ಅದರ ಅಡಿಮೈಯಲ್ಲಿ ಕೆತ್ತಿದ ಸೂರ್ಯ, ಚಂದ್ರ, ಹಸು, ಕರು. ಕೆಳಗೆ ಸಾಲುಸಾಲು ಜಿಲೇಬಿ.

"ನಮ್ ತಾತ ಹಾಳು ಗುಡಿ ತಾವಿಂದ ಎತ್ಕಂಡ್ ಬಂದಿದ್ದಂತೆ," ಎಂದರು ಮುನಿಯಪ್ಪನವರು. "ನೀವು ಇದನ್ನೇ ಅಲ್ವಾ ಸ್ವಾಮಿ ಓದ್ತಾ ಇರೋದು? ಏನ್ ಬರ್ದವ್ರೆ ನೋಡಿ."

ವಠಾರವೆಲ್ಲ ಸುತ್ತ ನೆರೆದಿತ್ತು. ಬರುವುದಿಲ್ಲ ಎನ್ನಲು ಹೆದರಿಕೆ, ಸುಳ್ಳು ಹೇಳಲು ಅದಕ್ಕಿಂತ ಹೆದರಿಕೆ. ಕೊನೆಗೆ ಪಾಠದಲ್ಲಿ ಉರು ಹೊಡೆದಿದ್ದ ನಿಜವನ್ನೇ ಹೇಳಿದೆ. "ಇದು ದಾನಶಾಸನ. ಸಾಮಾನ್ಯವಾಗಿ ಇಂಥದ್ರ ಕೊನೇಲಿ, ದಾನ ಕೆಡಿಸಿದೋರಿಗೆ ಕಾಶಿಯಲ್ಲಿ ಗೋವನ್ನ ಕೊಂದ ಪಾಪ ಬರುತ್ತೆ ಅಂತ ಬರೆದಿರ್ತಾರೆ."

'ಸಾಮಾನ್ಯವಾಗಿ' ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಮುನಿಯಪ್ಪನವರ ಮುಖ ಕಪ್ಪಿಟ್ಟಿತು. ಅವರ ಹೆಂಡತಿ ಕೆನ್ನೆಕೆನ್ನೆ ಬಡಿದುಕೊಂಡು, "ಅಯ್ಯೋ ಸಿವನೇ, ಮಕ್ಕಳ ಉಚ್ಚೆ ಬಟ್ಟೆನೆಲ್ಲ ಇದ್ರ ಬೆನ್ ಮೇಲೇ ಒಗುದ್ವಲ್ಲಪ್ಪಾ!" ಎಂದರು. ಸಂಜೆಯೊಳಗೆ ಕಲ್ಲಿಗೆ ಅರಿಶಿನ ಕುಂಕುಮವಾಗಿ, ಅದು ನಮ್ಮ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿತು. ಒಗೆಯುವ ಕಲ್ಲು ಕಳೆದುಕೊಂಡ ಹೆಂಗಸರು ನನ್ನ ಹೆಂಡತಿ ಗಿರಿಜಳ ಜೊತೆ ಮಾತು ಬಿಟ್ಟರು.

"ಗೊತ್ತಿಲ್ಲ ಅನ್ನೋಕೆ ನಿಮಗೇನ್ರೀ ಧಾಡಿ?" ಎಂದಳು ಗಿರಿಜಾ. "ಇನ್ಮೇಲೆ ದುಪ್ಪಟಿ ನೀವೇ ಒಗೀರಿ."

ಒಗೆದೆ. ಆದರೆ ನಿಜವಾದ ಭಯ ಆಮೇಲೆ ಬಂತು. ಒಂದು ಸಂಜೆ ಮುನಿಯಪ್ಪನವರು ಬಂದು, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಕೇಳಿದರು: "ದಾನ ಕೊಟ್ಟಿರೋ ಜಮೀನು ಯಾವ್ದು ಸ್ವಾಮಿ? ಮೊದ್ಲೇ ಭೂಸುಧಾರಣೆ ಅಂತ ಸರ್ಕಾರದೋರು ಜೀವ ತಿಂತಾವ್ರೆ. ಈಗ ಈ ವಠಾರಾನೇ ದೇವ್ರದ್ದು ಅಂತ ಬರ್ದಿದ್ರೆ ನಾನೂ ಇಲ್ಲ, ನೀವೂ ಇಲ್ಲ. ನಿಮ್ ಪರೀಕ್ಷೆ ಮುಗೀಲಿ. ಪೂರ್ತಿ ಓದಿ ನಂಗೊಬ್ನಿಗೆ ಹೇಳಿ."

ಲೋಕದಲ್ಲಿ ಎಲ್ಲರಿಗೂ ಫೇಲಾಗುವ ಭಯವಿರುತ್ತದೆ. ನನಗೆ ಪಾಸಾಗುವ ಭಯವೂ ಸೇರಿಕೊಂಡಿತು. ಫೇಲಾದರೆ ಮಾನ ಹೋಗುತ್ತದೆ. ಪಾಸಾಗಿ ಓದಿದರೆ, ಕಲ್ಲಿನಲ್ಲಿ ಇರಬಾರದ್ದು ಇದ್ದರೆ, ತಲೆಯ ಮೇಲಿನ ಸೂರೇ ಹೋಗುತ್ತದೆ. ಊಟ ಸೇರಲಿಲ್ಲ. ಆ ಭಯದಲ್ಲಿ ಇನ್ನೇನು ಮಾಡಲೂ ತೋಚದೆ, ಕಲ್ಲಿನ ಕಡೆ ತಿರುಗಿಯೂ ನೋಡದೆ, ಪಾಠದ ಹಾಳೆಗಳಲ್ಲಿದ್ದ ಜಿಲೇಬಿಗಳನ್ನೇ ಬರೆದು ಬರೆದು ತಿದ್ದಿದೆ. ಅನ್ಯಾಯವೆಂದರೆ ಅವು ಒಂದೊಂದಾಗಿ ಅಕ್ಷರಗಳಾಗತೊಡಗಿದವು. ಉಳಿದ ಪೇಪರುಗಳಲ್ಲಿ ಹೇಗೋ ದಡ ಸೇರಿದ ನಾನು ಶಾಸನದಲ್ಲಿ ಮಾತ್ರ ಒಳ್ಳೆಯ ಅಂಕ ಪಡೆದೆ.

ಪಾಸಾದ ಸುದ್ದಿ ಕೇಳಿ ಮುನಿಯಪ್ಪನವರು ಹಾರ ಹಿಡಿದು ಬಂದರು. ಇಬ್ಬರೂ ಕಲ್ಲಿನ ಮುಂದೆ ನಿಂತೆವು. ನಾನು ಅದರ ಮೇಲಿನ ಕುಂಕುಮ ಸರಿಮಾಡುವ ನೆಪದಲ್ಲಿ ಹೊತ್ತು ಕಳೆದೆ. ಅವರನ್ನು ನೋಡಿದೆ, ಅವರೂ ಹಾರವನ್ನು ಈ ಕೈಯಿಂದ ಆ ಕೈಗೆ ದಾಟಿಸುತ್ತಿದ್ದರು. "ಇವತ್ತು ಬೇಡ ಸ್ವಾಮಿ, ಅಮಾಸೆ ಕಳೀಲಿ," ಎಂದರು. ಅಮಾವಾಸ್ಯೆಯ ಬೆನ್ನಿಗೆ ಆಷಾಢ ಬಂತು. ಶ್ರಾವಣದಲ್ಲಿ ಮನೆ ತುಂಬ ನೆಂಟರು, ಆಮೇಲೆ ಪಿತೃಪಕ್ಷ. ಕೊನೆಗೊಂದು ದಿನ, "ದೇವ್ರ ವಿಷ್ಯ ನಮಗ್ಯಾಕೆ? ಪಾಪದ ವಿಷ್ಯ ತಿಳಿದೋರು ನೀವು, ನೀವೇ ದಿನಾ ಒಂದು ಹೂ ಏರ್ಸಿಬಿಡಿ," ಎಂದು, ನನಗೆ ತಂದಿದ್ದಂಥದೇ ಒಂದು ಹಾರವನ್ನು ಕಲ್ಲಿಗೆ ಹಾಕಿ ಹೊರಟುಹೋದರು. ಹೆಂಗಸರಿಗೆ ಹೊಸ ಒಗೆಯುವ ಕಲ್ಲೂ ಬಂತು.

ಹೀಗೆ ನಾನು ಈ ವಠಾರದ ಪೂಜಾರಿಯಾಗಿದ್ದೇನೆ. ದಿನಾ ಬೆಳಗ್ಗೆ ಮಿಂದು, ವಿಭೂತಿ ಹಚ್ಚಿ, ಕಲ್ಲಿಗೆ ಹೂವಿಟ್ಟು ಕೈಮುಗಿಯುತ್ತೇನೆ. ಮೊನ್ನೆ ಮೈಮರೆತು ನೋಡಿದಾಗ ಮೊದಲ ಸಾಲಿನ 'ಸ್ವಸ್ತಿ' ತಾನಾಗಿಯೇ ಓದಿಸಿಕೊಂಡುಬಿಟ್ಟಿತು. ಹೂವಿನ ತಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಓಡಿಬಂದೆ. ಅಂದಿನಿಂದ ಅದರ ಮುಂದೆ ನಿಂತಷ್ಟು ಹೊತ್ತೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತೇನೆ. ಎಷ್ಟು ಓದಿದ್ದರೂ ಎಂಥ ಭಕ್ತಿ ನೋಡಿ ಎಂದು ವಠಾರದವರು ತಮ್ಮ ಮಕ್ಕಳಿಗೆ ನನ್ನನ್ನು ತೋರಿಸುತ್ತಾರೆ.